ಮನೆ ನಡೆಯುವಾಗ ಒಳಗಿರುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ತಿರುವಿನ ಹಳೆಯ ಎರಡಂತಸ್ತಿನ ಮನೆ ನೆಲ ಬಿಟ್ಟು ಮೊಳದಷ್ಟು ಮೇಲೆದ್ದು, ಕಬ್ಬಿಣದ ತೊಲೆಗಳ ಮೇಲೆ ಕೂತಿದೆ. ಎಲ್ಲರೂ ಹೊರಬಂದ ಮೇಲೆ ಒಬ್ಬರು ಮಾತ್ರ ಏಣಿ ಹತ್ತಿ ಒಳಗೆ ಹೋಗುತ್ತಾರೆ. ನಡುಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂರುತ್ತಾರೆ.

ಜೊತೆಯವರು ಅವರನ್ನು ಕರೆಯುವುದು ‘ಕಿವಿಯಕ್ಕ’ ಎಂದು. ಕೂತು ಕೇಳುವುದೇ ಅವರ ಕೆಲಸ. ಗಂಡ ಮೇಸ್ತ್ರಿ, ಆತ ಸೀಟಿ ಊದಿದರೆ ಹೊರಗಿನವರು ಜಾಕಿ ತಿರುಗಿಸಿ ಮನೆಯನ್ನು ಉರುಳೆಗಳ ಮೇಲೆ ತಳ್ಳುತ್ತಾರೆ. ಒಳಗೆ ಬಾಗಿಲುಗಳೆಲ್ಲ ಅರೆತೆರೆದಿರಬೇಕು. ಮನೆ ಅಲುಗಿದಾಗಲೆಲ್ಲ ಒಂದೊಂದೂ ತನ್ನದೇ ದನಿಯಲ್ಲಿ ಕಿರುಗುಟ್ಟುತ್ತದೆ. ದನಿ ಬದಲಾಯಿತೆಂದರೆ ಮನೆ ಎಲ್ಲೋ ತಿರುಚಿಕೊಳ್ಳುತ್ತಿದೆ.

“ಮದುವೆಯಾದ ಹೊಸದ್ರಲ್ಲಿ ಇವ್ರಿಗೆ ಊಟ ತರ್ತಿದ್ದೆ, ಅಷ್ಟೇ. ಒಂದಿನ ಒಳಗೆ ಕೂತು ಕಾಯ್ತಿದ್ದಾಗ ಬಾಗಿಲು ನರಳಿದ ಹಾಗಾಯ್ತು. ನಿಲ್ಸಿ ಅಂತ ಕಿರುಚಿದೆ. ಎಲ್ಲರೂ ಬೈದ್ರು. ಆಮೇಲೆ ನೋಡಿದ್ರೆ ಒಂದು ಜಾಕಿ ಮಣ್ಣಲ್ಲಿ ಇಳಿದುಹೋಗಿತ್ತು.”

ಅಂದಿನಿಂದ ಅವರ ಜಾಗ ಒಳಗೇ. ಸುಣ್ಣದ ದೂಳು ಎದೆಗಿಳಿದು ಕೆಮ್ಮು ಬಿಟ್ಟಿಲ್ಲ. ಗೋಡೆ ಕುಸಿದರೆ ಮೊದಲು ಸಿಕ್ಕಿಬೀಳುವವರೂ ಅವರೇ. “ಗೋಡೆ ಪಿಸುಗುಟ್ಟಿದ್ರೂ ಕೇಳುತ್ತೆ, ಅತ್ತೆ ಕೂಗಿದ್ರೆ ಮಾತ್ರ ಕಿವುಡು” ಎಂದು ಅತ್ತೆ ಇವತ್ತಿಗೂ ಚುಚ್ಚುತ್ತಾರಂತೆ.

ಈಗ ಅವರು ಕೂತಿರುವುದು ಹಿಂದಿನ ಕಾಲದ ಸೂಲಗಿತ್ತಿಯೊಬ್ಬರ ಮನೆಯಲ್ಲಿ. ಊರಿನ ಹಿರಿಯರಲ್ಲಿ ಅರ್ಧ ಜನ ಕಣ್ಣುಬಿಟ್ಟದ್ದು ಇಲ್ಲಿ. ರಸ್ತೆ ಅಗಲವಾಗಲಿದೆ; ಸಂಜೆಯೊಳಗೆ ಜಾಗ ಬಿಡದಿದ್ದರೆ ನಾಳೆ ಕೆಡವುವ ಯಂತ್ರ ಬರುತ್ತದೆ. ಸೂಲಗಿತ್ತಿಯ ಮೊಮ್ಮಗಳು ಇಲ್ಲೇ ಹೊಲಿಗೆ ಅಂಗಡಿ ಇಟ್ಟವರು. ಒಡೆಯಲು ಬಿಡೆನೆಂದು ಹಟ ಹಿಡಿದು, ಹಿತ್ತಲಾಚೆಯ ಖಾಲಿ ಜಾಗಕ್ಕೆ ಮನೆಯನ್ನೇ ಸರಿಸಲು ಹೊರಟಿದ್ದಾರೆ.

ಸೀಟಿ ಕೇಳುತ್ತದೆ. ಮನೆ ಮೈಮುರಿದು ಹೊರಡುತ್ತದೆ. ನಾಲ್ಕು ಮಾರು ಹೋಗಿರಬಹುದು, ಕಿವಿಯಕ್ಕ ಕಿಟಕಿಗೆ ಓಡಿ ಬರುತ್ತಾರೆ. “ನಿಲ್ಸ್ರೀ!”

“ಏನೇ ಅದು? ಹೊತ್ತೇರ್ತಿದೆ,” ಎನ್ನುತ್ತಾರೆ ಮೇಸ್ತ್ರಿ.

“ಹಿಂಬಾಗಿಲು ಮಾತಾಡ್ತಿಲ್ಲ.”

“ಒಳ್ಳೇದಾಯ್ತು. ನೀನೂ ಅದರ ಹತ್ರ ಕಲ್ತ್ಕೋ.”

“ಜಾಕಿ ಮುಟ್ಟಬೇಡಿ, ನಾನು ನೋಡ್ಕೊಂಡು ಬರ್ತೀನಿ.”

ಹಿಂಬಾಗಿಲಿಗೆ ಚಿಲಕ ಬಿದ್ದಿದೆ. ಬಿಗಿದುಕೊಂಡ ಚೌಕಟ್ಟಿನ ನೆತ್ತಿಯಲ್ಲಿ ಗೋಡೆ ಕೂದಲೆಳೆಯಷ್ಟು ಬಿರಿದಿದೆ. ಜಾಕಿಯನ್ನು ಇನ್ನೆರಡು ಸುತ್ತು ತಿರುಗಿಸಿದ್ದರೆ ಗೋಡೆಯೇ ಕುಸಿಯುತ್ತಿತ್ತು.

ವಿಷಯ ಕೇಳಿ ಹೊರಗಿದ್ದ ಮೊಮ್ಮಗಳು ಹಣೆ ಚಚ್ಚಿಕೊಳ್ಳುತ್ತಾರೆ. “ಅಯ್ಯೋ, ನಾನೇ ಹಾಕ್ದೆ ಅಕ್ಕ! ತೆಗೆದಿಡು ಅಂತ ಅಷ್ಟು ಹೇಳಿದ್ರಿ. ಮನೆ ಬಿಟ್ಟು ಬರೋವಾಗ ಕೈ ತಾನಾಗೇ ಹೋಯ್ತು.”

“ಮನೇನೇ ಹೊರಟು ನಿಂತಿರೋವಾಗ ಯಾರಿಗಮ್ಮ ಚಿಲಕ?” ಕಿವಿಯಕ್ಕ ನಗುತ್ತಾರೆ.

ಚಿಲಕ ಜಗ್ಗುವುದಿಲ್ಲ. ಮೇಸ್ತ್ರಿ ತಾವೇ ಬಗ್ಗಿ ಮೂಲೆಯ ಜಾಕಿಯನ್ನು ಒಂದಿಷ್ಟು ಇಳಿಸಿದ ಮೇಲೆ ಕಳಚುತ್ತದೆ. ಬಾಗಿಲು ಕಿರ್ರೆನ್ನುತ್ತದೆ. “ಹಾಂ, ಈಗ ಸೀಟಿ ಊದಿ.”

ಸಂಜೆ, ಬೀದಿದೀಪ ಹತ್ತುವ ಮುಂಚೆ, ಮನೆ ಹೊಸ ಅಡಿಪಾಯದ ಮೇಲೆ ಬಂದು ನಿಲ್ಲುತ್ತದೆ. ಇಳಿದು ಬಂದ ಕಿವಿಯಕ್ಕ ಕೂಲಿಯ ಮಾತೆತ್ತುವುದಿಲ್ಲ, ನೀರು ಕೇಳುವುದಿಲ್ಲ. ನೇರ ಮೊಮ್ಮಗಳ ಹತ್ತಿರ ಬಂದು ಕೇಳುತ್ತಾರೆ: “ಮನೆ ಹೇಗೆ ನಡೀತು, ಹೇಳಿ?”

ಇಷ್ಟು ಮನೆಗಳನ್ನು ದಾಟಿಸಿದ್ದಾರೆ, ಒಂದು ಮನೆ ನಡೆದದ್ದನ್ನೂ ಕಣ್ಣಾರೆ ಕಂಡಿಲ್ಲ. ಒಮ್ಮೆಯಾದರೂ ಹೊರಗೆ ನಿಂತು ನೋಡುವ ಆಸೆ. “ಆದ್ರೆ ನಾನು ಹೊರಗೆ ನಿಂತ್ರೆ ಒಳಗೆ ಯಾರಿರ್ತಾರೆ?”

ಮೊಮ್ಮಗಳು ಮನೆಯತ್ತ ತಿರುಗಿ ನೋಡುತ್ತಾರೆ. “ತುಂಬು ಬಸುರಿ ನಡೆದ ಹಾಗೆ ಅಕ್ಕ. ಅವಸರವೇ ಇಲ್ಲ.”

ಕಿವಿಯಕ್ಕ ಮುಖದ ಸುಣ್ಣ ಒರೆಸಿಕೊಳ್ಳುತ್ತಾರೆ. “ಹಾಗಾದ್ರೆ ಸರಿಯಾಗೇ ನಡೆದಿದೆ ಬಿಡಿ.”