ಅಮಾವಾಸ್ಯೆಗೆ ಬೀಳದ ಹೆಬ್ಬೆಟ್ಟು

ಶಹಾಪುರದ ನಮ್ಮ ಕಚೇರಿಯಲ್ಲಿ ಹಾಜರಿಗೆ ಹೆಬ್ಬೆಟ್ಟು ಒತ್ತುವ ಮಶೀನು ಇದೆ. ಹತ್ತು ಗಂಟೆ ದಾಟಿದರೆ ಅದು ಯಾರ ಬೆರಳನ್ನೂ ಒಪ್ಪುವುದಿಲ್ಲ. ಆದರೆ ಬಂದ ದಿನಗಳಷ್ಟೇ ಅದರಲ್ಲಿ ದಾಖಲಾಗುತ್ತಿದ್ದವು, ಬಾರದ ದಿನ ಎಲ್ಲೂ ಕಾಣುತ್ತಿರಲಿಲ್ಲ. ಹೀಗಾಗಿ ಎಲ್ಲರೂ ಸುಖವಾಗಿದ್ದೆವು.

ಒಮ್ಮೆ ಯಾದಗಿರಿಯ ಜಿಲ್ಲಾ ಕಚೇರಿಯಿಂದ ಗೈರುಹಾಜರಿಯ ವಿವರ ಕೇಳಿದರು. ಗುತ್ತಿಗೆಯವರಲ್ಲಿ ಯಾರನ್ನು ಮುಂದುವರಿಸಬೇಕು, ಯಾರನ್ನು ಬಿಡಬೇಕು ಎಂಬುದು ಅದರ ಮೇಲೆ ನಿಂತಿತ್ತು. ನಾನೂ ಗುತ್ತಿಗೆಯವನೇ, ಆದರೆ ಕಂಪ್ಯೂಟರ್ ಆಪರೇಟರ್ ನಾನೇ ತಾನೆ, ಮಶೀನಿನ ದಾಖಲೆ ಹೆಕ್ಕುವ ಕ್ವೆರಿಯಲ್ಲಿ ಒಂದು ಫಂಕ್ಷನ್ ಬರೆದೆ. ಯಾವ ತಾರೀಖಿನಿಂದ, ಎಷ್ಟು ತಾರೀಖು, ಎಷ್ಟು ದಿನಕ್ಕೊಂದು ಎಂದು ಹೇಳಿದರೆ ಸಾಕು, ತಾರೀಖುಗಳು ಸಾಲುಗಟ್ಟಿ ಇಳಿಯುತ್ತವೆ. ಭಾನುವಾರ, ರಜೆಗಳನ್ನು ಕಿತ್ತುಹಾಕಿ ಪಕ್ಕದಲ್ಲಿ ಹೆಬ್ಬೆಟ್ಟುಗಳನ್ನು ಜೋಡಿಸಿದೆ. ಭಾರೀ ಕೆಲಸ ಮಾಡಿದೆನೆಂದು ಬೀಗಿದೆ ಕೂಡ.

ಗೋಗಿ ಹಳ್ಳಿಯಿಂದ ಬಂದು ಗುತ್ತಿಗೆಯ ಮೇಲೆ ಕಸ ಗುಡಿಸುವ ಅಕ್ಕನ ಸಾಲಿನಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದು ತಾರೀಖು ಖಾಲಿ. ಕ್ಯಾಲೆಂಡರ್ ತೆಗೆದು ನೋಡಿದರೆ ಎಲ್ಲವೂ ಅಮಾವಾಸ್ಯೆ. ಕಾರಣ ಕಚೇರಿಗೆಲ್ಲ ಗೊತ್ತಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಆಕೆ ನೇರ ಸಾಹೇಬರ ಮನೆಗೆ ಹೋಗಿ, ಅವರ ಕಾರು ತೊಳೆದು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಪೂಜೆಗೆ ಅಣಿ ಮಾಡಬೇಕು. ಅದು ಸಾಹೇಬರದೇ ಹುಕುಂ.

ಸಾಹೇಬರು ಆಕೆಯನ್ನು ಕರೆಸಿ ಪರದೆ ತೋರಿಸಿದರು.

"ತಿಂಗಳಾ ಒಂದಿನ ಎಲ್ಲಿಗಿ ಹೋಗ್ತಿದ್ದಿ?"

"ನಿಮ್ಮ ಮನಿಗೇ ಬರ್ತಿದ್ದೆನಲ್ರಿ ಸಾಹೇಬ್ರ, ಗಾಡಿ ಪೂಜಾಕ್ಕ. ನೀವೇ ಹೇಳಿದ್ರಲ್ರಿ."

"ಮನಿ ಮಾತು ಆಫೀಸಿನ್ಯಾಗ ಬ್ಯಾಡ."

ಆಕೆ ನನ್ನ ಕಡೆ ತಿರುಗಿದಳು. "ನೀನರ ಹೇಳೋ ತಮ್ಮಾ, ನಿನಗ ಗೊತ್ತದಲ್ಲ."

"ಸರ, ಅಮಾಸಿ ತಾರೀಖು ತೆಗೆದುಬಿಡ್ಲೇನ್ರಿ? ಒಂದು ಸಾಲು ಬರದ್ರ ಆತು," ಎಂದೆ.

ಸಾಹೇಬರು ನಕ್ಕರು. "ತೆಗಿ ನೋಡು. ಆಮ್ಯಾಲ ನಿನ್ನ ಹೆಸರೂ ತೆಗಿತೀನಿ."

ಬಡವನ ಸಿಟ್ಟು ದವಡೆಗೆ ಮೂಲ ಅಂತಾರೆ. ನನ್ನ ದವಡೆ ನನಗೆ ಬೇಕಿತ್ತು. ಅಮಾವಾಸ್ಯೆ ತೆಗೆಯದೆ ಹಾಗೇ ಪ್ರಿಂಟ್ ಕೊಟ್ಟೆ. ಉಳಿದವರು ಗೋಡೆ ನೋಡುತ್ತ ಕೂತಿದ್ದರು. ಅಕ್ಕನ ಕೆಲಸ ಹೋಯಿತು. ಆಕೆ ಕಸಬರಿಗೆಯನ್ನು ಬಾಗಿಲ ಹಿಂದಿಟ್ಟು ಗೋಗಿಯ ಆಟೋ ಹಿಡಿಯಲು ಹೋದಳು.

ಮುಂದಿನ ಅಮಾವಾಸ್ಯೆಯ ಹಿಂದಿನ ದಿನ ಸಾಹೇಬರು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು.

"ನಾಳಿ ಅಮಾಸಿ ಅದ. ಮುಂಜಾನಿ ಮನಿಗಿ ಬಾ. ಬರುವಾಗ ನಿಂಬಿಹಣ್ಣು ತಗೊಂಡು ಬಾ."

"ಹೂಂ ರೀ ಸರ," ಎಂದೆ.

ಕಾರು ತೊಳೆದು ಕಚೇರಿಗೆ ಬರುವಷ್ಟರಲ್ಲಿ ಹತ್ತು ದಾಟಿತ್ತು. ತಿಂಗಳ ಕೊನೆಗೆ ಯಾದಗಿರಿಯವರು ಮತ್ತೆ ವಿವರ ಕೇಳಿದಾಗ ಅದೇ ಫಂಕ್ಷನ್ ಓಡಿಸಿದೆ. ನನ್ನ ಸಾಲಿನಲ್ಲಿ ಒಂದು ತಾರೀಖು ಖಾಲಿ ಬಂತು. ಪ್ರಿಂಟ್ ತೆಗೆದು ನಾನೇ ಸಾಹೇಬರ ಟೇಬಲ್ಲಿನ ಮೇಲಿಟ್ಟೆ.