ನನ್ನ ಸ್ಮೋಕರ್ ಮತ್ತು ಶಾಂತಕ್ಕನ ಬಟ್ಟೆ

ಗೆಳೆಯರೇ, ಕೋಳಿಯನ್ನು ಹೊಗೆಯಲ್ಲೇ ಬೇಯಿಸುವ ಸ್ಮೋಕರ್ ತಂದು ಇವತ್ತು ಕೊಲ್ಲಿ ನಾಡಿನ ಫಹಾಹೀಲಿನ ನಮ್ಮ ತಾರಸಿಯಲ್ಲಿ ಹೊತ್ತಿಸಿದೆ. ಬೇಗ ಹೊತ್ತುವ ಇದ್ದಿಲ ಬಿಲ್ಲೆ ಹಾಕಿದರೆ ಮಾಂಸಕ್ಕೆ ಸೀಮೆಎಣ್ಣೆ ವಾಸನೆ ಹಿಡಿಯುತ್ತದೆಂದು ಗೆಳೆಯ ವಿನ್ಸೆಂಟ್ ಹೆದರಿಸಿದ್ದ. ಹಾಗಾಗಿ ಅಂಗಡಿ ಅಂಗಡಿ ಅಲೆದು ಅಪ್ಪಟ ಕಟ್ಟಿಗೆ ಇದ್ದಿಲನ್ನೇ ತಂದಿದ್ದೆ.

ಕೋಳಿ ಇನ್ನೇನು ಬೇಯಬೇಕು, ಪಕ್ಕದ ಮನೆಯ ಮಂಗಳೂರಿನ ಶಾಂತಕ್ಕ ಓಡಿ ಬಂದರು.

“ಎಂಥ ಮಾರಾಯ್ರೇ ಇದು? ಬಟ್ಟೆ ಒಣಗ್ಲಿಕ್ಕೆ ಹಾಕಿದ್ದೇನೆ, ಎಲ್ಲ ಹೊಗೆ ವಾಸನೆ!”

ನಾನು ಆಕಾಶ ತೋರಿಸಿದೆ. ಯುದ್ಧ ಮುಗಿದರೂ, ಸೋತು ಓಡಿದ ಸೈನಿಕರು ಬೆಂಕಿಯಿಟ್ಟ ಎಣ್ಣೆಬಾವಿಗಳು ಉರಿಯುತ್ತಲೇ ಇವೆ. ಮಟಮಟ ಮಧ್ಯಾಹ್ನವೇ ಕತ್ತಲು.

“ಅದಕ್ಕೆ ಯಾರನ್ನು ಬಯ್ಯುವುದು? ನೀವಾದ್ರೆ ಪಕ್ಕದಲ್ಲೇ ಇದ್ದೀರಿ!” ಎಂದರು.

ಬೆಂದ ಕೋಳಿಯ ಒಂದು ಕಾಲು ಕೊಟ್ಟೆ. ತಿಂದು, “ಇನ್ನೊಂದು ಉಂಟಾ?” ಎಂದರು. ಜಗಳ ಖಲಾಸ್.

ಬಾವಿಗಳಿಗೆ ಬೆಂಕಿಯಿಟ್ಟವರು ಕನಿಷ್ಠ ಊಟಕ್ಕಾದರೂ ಕರೆಯಬೇಕಿತ್ತು.