ಗೋಡೆಗೆ ಹಚ್ಚಿದ ವಿಭೂತಿ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಕರಿಬಸವಯ್ಯನವರ ಹೆಂಡತಿ ಕಮಲಾಕ್ಷಮ್ಮನಿಗೆ ಸ್ತನದ ಕ್ಯಾನ್ಸರಿಗೆಂದು ಎಡಗಡೆ ಆಪರೇಷನ್ ಆಗಿ ಏಳು ತಿಂಗಳಾಗಿತ್ತು. ಇನ್ನು ಊಟ, ನಡಿಗೆ, ತೂಕ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಆಯಮ್ಮ ಚಾಚೂ ತಪ್ಪುತ್ತಿರಲಿಲ್ಲ. ಸಾರಿಗೆ ಮೂರು ಹಿಡಿ ಬೀಳುತ್ತಿದ್ದ ಕಾಯಿತುರಿ ಎರಡು ಚಮಚಕ್ಕೆ ಇಳಿಯಿತು. ಕೊಬ್ಬರಿ ಮಾರುವವರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಮುದ್ದೆ ಒಂದೇ, ಸೊಪ್ಪು ಅರ್ಧ ತಟ್ಟೆ, ಸಂಜೆ ಸ್ಟೇಷನ್ನಿನವರೆಗೆ ನಡಿಗೆ.

ಆಗದಿದ್ದದ್ದು ಒಂದೇ. ಬೆಳಗ್ಗೆ ಎಂಟಕ್ಕೆ ತಿಂಡಿ ತಿಂದು ಮಾತ್ರೆ ನುಂಗಬೇಕಿತ್ತು. ಲಿಂಗಪೂಜೆಯಾಗದೆ ಅವಳು ನೀರೂ ಮುಟ್ಟಿದವಳಲ್ಲ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ನೇರಕ್ಕೆ ಹಿಡಿಯಬೇಕು. ಆ ಕೈ ಈಗ ಎದೆಮಟ್ಟ ದಾಟುತ್ತಿರಲಿಲ್ಲ. ಎತ್ತುವಳು, ನಡುಗುವುದು, ಇಳಿಸಿ ಮತ್ತೆ ಎತ್ತುವಳು. ಹೀಗೇ ಹತ್ತೂವರೆಯಾಗುತ್ತಿತ್ತು. ಒಂದು ದಿನ ಹಸಿವಿಗೆ ತಲೆಸುತ್ತಿ ಮಣೆಯ ಮೇಲೇ ಕುಸಿದಳು.

"ಬಲಗೈಲಿ ಹಿಡ್ಕೊಳ್ಳೇ. ಶಿವ ಏನು ಜಗಳಕ್ಕೆ ಬತ್ತಾನಾ?" ಎಂದರು ಕರಿಬಸವಯ್ಯ.

"ನೀವು ಎಡಗೈಲಿ ಉಣ್ತೀರೇನ್ರೀ?"

ಸೊಸೆ ಶಿಲ್ಪಾ ಆಸ್ಪತ್ರೆಯ ಚೀಟಿಯನ್ನು ಕೊನೆಯವರೆಗೂ ಓದಿದಳು. "ಅತ್ತೆ, ಕೈ ಮೇಲೇಳೋಕೆ ದಿನಾ ಗೋಡೆ ಮೇಲೆ ಬೆರಳು ಹತ್ತಿಸ್ಬೇಕು ಅಂತ ಬರ್ದವ್ರೆ. ಇದೊಂದು ಬಿಟ್ಟೇಬಿಟ್ಟಿದ್ದೀರಲ್ಲ!"

"ಗೋಡೆ ಕೆರ್ಕೊಂಡು ನಿಂತ್ರೆ ನೋಡಿದೋರು ಏನಂದಾರು ಕಣೇ?"

ಅಂದರೂ ಮಾರನೆಯ ದಿನದಿಂದ ಪಡಸಾಲೆಯ ಗೋಡೆಯ ಮೇಲೆ ಅವಳ ಎಡಗೈಯ ಎರಡು ಬೆರಳು ಇರುವೆಯಂತೆ ಹತ್ತತೊಡಗಿದವು. ಬೆರಳು ನಿಂತಲ್ಲಿ, ಪೂಜೆ ಮುಗಿಸಿದ ಕೈಯಲ್ಲಿದ್ದ ವಿಭೂತಿಯಿಂದಲೇ ಒಂದು ಗೆರೆ. ಕೆಲವು ದಿನ ನಿನ್ನೆಯದಕ್ಕಿಂತ ಎರಡು ಬೆರಳು ಕೆಳಗೇ ಬೀಳುತ್ತಿತ್ತು. ಅದನ್ನೂ ಅಳಿಸುತ್ತಿರಲಿಲ್ಲ.

ತಿಂಗಳಾದ ಮೇಲೆ ಪಕ್ಕದ ಬೀದಿಯ ಹನುಮಮ್ಮ ಕೊಬ್ಬರಿ ಮಿಠಾಯಿ ಹೊತ್ತು ಬಂದಳು. "ಸೊರಗಿ ಕಡ್ಡಿ ಆಗಿದ್ದೀಯಲ್ಲವ್ವ, ತಿನ್ನು" ಎನ್ನುತ್ತಲೇ ಗೋಡೆ ನೋಡಿದಳು. "ಅಯ್ಯೋ ಶಿವನೇ, ಇಲ್ಲೂ ಮೂಡಿದ್ದೀಯಾ!" ಎಂದವಳೇ ತಟ್ಟೆಯನ್ನು ಗೋಡೆಯ ಬುಡದಲ್ಲಿಟ್ಟು ಅಡ್ಡಬಿದ್ದಳು.

ಕರಿಬಸವಯ್ಯ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು.

"ಏಳೇ, ಅದು ನನ್ನ ಕೈ ಹತ್ತಿದ ಗುರುತು" ಎಂದು ಕಮಲಾಕ್ಷಮ್ಮ ಮಿಠಾಯಿಯ ಮೂಲೆಯಿಂದ ಕಡಲೆಕಾಳಿನಷ್ಟು ಮುರಿದು ಬಾಯಿಗೆ ಹಾಕಿಕೊಂಡಳು.

"ಅಷ್ಟೇನಾ?"

"ನೀನೇ ಪ್ರಸಾದ ಮಾಡ್ಬಿಟ್ಯಲ್ಲ. ಪ್ರಸಾದ ಇಷ್ಟೇ ಕಣೇ ತಿನ್ನೋದು. ಮಿಕ್ಕಿದ್ದು ನಿನ್ನ ಮೊಮ್ಮಕ್ಕಳಿಗೆ ಕೊಡು."

ಗೆರೆ ಕಿಟಕಿಯ ಮೇಲಂಚು ಮುಟ್ಟಿದ್ದು ಐವತ್ತಮೂರನೆಯ ದಿನ. ಮರುದಿನ ಬೆಳಗ್ಗೆ ಅಂಗೈ ನಿಧಾನಕ್ಕೆ ಏರಿ ಕಣ್ಣಿನ ನೇರಕ್ಕೆ ಬಂತು. ಅಲ್ಲೇ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಶಿಲ್ಪಾ ಗಡಿಯಾರ ನೋಡಿದಳು. ಪೂಜೆ ಮುಗಿದಾಗ ಎಂಟಕ್ಕೆ ಹತ್ತು ನಿಮಿಷವಿತ್ತು.

"ರೊಟ್ಟಿ ಹಾಕೇ ಶಿಲ್ಪಾ."

"ಎಷ್ಟು ಅತ್ತೆ?"

"ಒಂದೂವರೆ. ಸೊಪ್ಪಿನ ಪಲ್ಯ ಜಾಸ್ತಿ ಬಡಿಸು."

ಕರಿಬಸವಯ್ಯ ಕಣ್ಣೊರೆಸಿಕೊಂಡರು. ಅದನ್ನು ಯಾರೂ ನೋಡದಿರಲೆಂದೋ ಏನೋ, ಒದ್ದೆ ಬಟ್ಟೆ ಹಿಡಿದು ಗೋಡೆ ಒರೆಸಲು ಹೊರಟರು.

"ಬಿಡ್ರೀ" ಎಂದಳು ಕಮಲಾಕ್ಷಮ್ಮ, ರೊಟ್ಟಿ ಮುರಿಯುತ್ತಾ. "ಮೇಲೆ ಇನ್ನೂ ಜಾಗ ಐತೆ."